ಕನ್ನಡ ಬಾರದ ಜೂನಿಯರ್

ವಕೀಲಿ ವೃತ್ತಿ ಎಂದರೆ ನನಗೆ ಮೊದಲು ನೆನಪಾಗುವುದು ನನ್ನ ಸೀನಿಯರ್ ಅವರ ಕೊರಳಪಟ್ಟಿ. ಕೊಯಮತ್ತೂರಿನ ಕೋರ್ಟಿನಲ್ಲಿ ವಾದ ಮುಗಿಸಿ ಹೊರಬಂದ ಕೂಡಲೇ ಅವರು ಆ ಬಿಳಿ ಪಟ್ಟಿಯನ್ನು ಕಿತ್ತು, ನನ್ನತ್ತ ನೋಡದೆಯೇ ಕೈ ಚಾಚುತ್ತಿದ್ದರು. ಬೆವರಿನಲ್ಲಿ ನೆನೆದು, ಅಂಚು ಹಳದಿಗಟ್ಟಿ, ಎಲೆಅಡಿಕೆ ನಾರುವ ಆ ಬಟ್ಟೆಯನ್ನು ನಾನು ಹಿಡಿದುಕೊಂಡು ಅವರ ಹಿಂದೆ ನಡೆಯಬೇಕು. ಜೂನಿಯರ್ ಎಂದರೆ ಇದು ಎಂದು ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಸೋಪು ಹಚ್ಚಿ ಎಷ್ಟು ಉಜ್ಜಿದರೂ ಬೆರಳಿನಿಂದ ಆ ವಾಸನೆ ಹೋಗುತ್ತಿರಲಿಲ್ಲ.

ವಾದ ಮಾಡುವ ಆಸೆಯಿಂದ ಬಂದವಳು ನಾನು. ಮಾಡಿದ್ದೇನೆಂದರೆ, ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಓಡಿ, "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ವಾಯಿದೆ ಕೊಡಬೇಕು" ಎಂದು ತಲೆ ತಗ್ಗಿಸಿ ಕೇಳುವುದು. ಆಗ ಸೀನಿಯರ್ ಕೆಳಗೆ ಕ್ಯಾಂಟೀನಿನಲ್ಲಿ ಬೋಂಡಾ ತಿನ್ನುತ್ತಿರುತ್ತಿದ್ದರು. ಊರಿಂದ ಬಸ್ಸು ಹತ್ತಿ ಬಂದ ಕಕ್ಷಿದಾರರು ನನ್ನ ಮುಖವನ್ನೇ ದುರುಗುಟ್ಟಿ ನೋಡಿ ಮರಳುತ್ತಿದ್ದರು. "ಇದೂ ಒಂದು ಪೊಳಪ್ಪಾ?" ಎಂದು ಅಮ್ಮ ಕೇಳುತ್ತಿದ್ದಳು. ಹೊಟ್ಟೆಪಾಡಿಗೆ ನಮ್ಮ ಮನೆಯಲ್ಲಿ ಆ ತಮಿಳು ಮಾತೇ ನಿಂತುಬಿಟ್ಟಿದೆ.

ನಮ್ಮದು ತಲೆಮಾರುಗಳಿಂದ ಇಲ್ಲೇ ನೇಯ್ದು ಬದುಕಿದ ಮನೆತನ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಮೈಸೂರಿನಲ್ಲಿ ಕಾನೂನು ಓದುವಾಗ. ಅಮ್ಮನಿಗೆ ಇವತ್ತಿಗೂ ಓದಲು ಬರುವುದಿಲ್ಲ. ಆದರೆ ಕನ್ನಡದ ಒಂದು ಉಪಯೋಗ ನಮ್ಮವರಿಗೆ ಚೆನ್ನಾಗಿ ಗೊತ್ತು. ಪರರ ಎದುರಿಗೇ ಗುಟ್ಟು ಮಾತಾಡಬಹುದು. ಸೀರೆ ಅಂಗಡಿಯವನತ್ತ ನಗುತ್ತಲೇ ಅಮ್ಮ ನನಗೆ, "ಇವ್ನು ಬಾಯಿಗ್ ಬಂದಂಗೆ ಹೇಳ್ತಾನೆ, ಎದ್ದೋಗೋ ತರ ಮಾಡು" ಎನ್ನುತ್ತಾಳೆ. ನಾನೂ ಸೀನಿಯರ್ ಎದುರಿಗೆ ನಿಂತೇ ಫೋನಿನಲ್ಲಿ ಅಮ್ಮನಿಗೆ ಅವರ ಪಟ್ಟಿಯ ವರ್ಣನೆ ಮಾಡುತ್ತಿದ್ದೆ. ಅವರಿಗೆ ನನ್ನ ಮಾತು ತಿಳಿಯಲಿಲ್ಲ, ಆದರೆ ನಮ್ಮ ಅಭ್ಯಾಸ ತಿಳಿಯಿತು.

ಆ ದಿನದ ಕೇಸು ಗಣಪತಿ ಎಂಬ ಬಡಾವಣೆಯ ಪಂಪ್ ವರ್ಕ್‌ಶಾಪುಗಳ ಹಿಂದಿನ ಒಂದು ಮನೆಯದು. ಅದರಲ್ಲಿ ಎರಡು ಮಗ್ಗ, ಒಬ್ಬ ವಿಧವೆ. ಅವಳನ್ನು ಹೊರಹಾಕಲು ನಿಂತಿದ್ದವನು ಗಂಡನ ಅಣ್ಣ. ಅವನೇ ನಮ್ಮ ಕಕ್ಷಿದಾರ. ತಾನು ಒಂದು ದಿನವೂ ಆ ಮನೆ ಬಿಟ್ಟಿಲ್ಲ, ಭಾವ ತನ್ನನ್ನು ತಡೆಯದಂತೆ ಆಜ್ಞೆಯಾಗಬೇಕು ಎಂದು ಅವಳು ಕೋರ್ಟಿಗೆ ಬಂದಿದ್ದಳು. ಬಿಟ್ಟಿದ್ದಳು ಎಂದು ಭಾವ ಹೇಳುತ್ತಿದ್ದ, ಸಾಕ್ಷಿ ಇರಲಿಲ್ಲ. ಮಧ್ಯಾಹ್ನ ಅವಳ ಪಾಟೀಸವಾಲು.

ಊಟದ ಹೊತ್ತಿಗೆ ಸೀನಿಯರ್ ನನ್ನನ್ನು ಕರೆದು ತಮಿಳಿನಲ್ಲಿ, "ಆಯಮ್ಮ ಮನೆಯಲ್ಲಿ ನಿನ್ನ ಭಾಷೆಯಂತೆ. ಕೋಟು ಬಿಚ್ಚಿಟ್ಟು ಪಕ್ಕದಲ್ಲಿ ಹೋಗಿ ಕೂತ್ಕೊ. ಎರಡು ಮಾತು ಕನ್ನಡದಲ್ಲಿ ಆಡು, ತಾನಾಗಿ ಬಾಯಿ ಬಿಡ್ತಾಳೆ" ಎಂದರು. ಹೇಳುತ್ತ ಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು ನೋಡಿ ಒರೆಸಿಕೊಂಡರು. ಕೋಟು ಬಿಚ್ಚಿ ಹೋದೆ, ಆದರೆ ನನ್ನ ಬಾಯಿಂದ ಕನ್ನಡ ಹೊರಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದೆ.

ಬೇವಿನ ಮರದಡಿಯ ಬೆಂಚಿನಲ್ಲಿ ಅವಳೂ ಅವಳ ತಂಗಿಯೂ ಪುಳಿಯೋಗರೆ ಡಬ್ಬಿ ಬಿಚ್ಚಿದ್ದರು. ನಾನು ಕೂತೊಡನೆ ಅವಳು ಡಬ್ಬಿಯ ಮುಚ್ಚಳದಲ್ಲಿ ಒಂದು ತುತ್ತು ಹಾಕಿ ಕೊಟ್ಟು, ಮುಖ ದಿಟ್ಟಿಸಿ, ಇಲ್ಲಿಯವರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕಣ್ಣು ಎಂದು ಕರೆದು ಕೇಳಿದಳು.

"ನಮ್ಮವ್ರಾ ಕಣ್ಣು ನೀನು? ನೋಡಿದ್ರೆ ನಮ್ ಮನೆ ಮೊಗ ಇದ್ದಂಗಿದೆ."

ಹೌದು ಎಂದಿದ್ದರೆ ಮುಗಿಯಿತು, ಅವಳು ನನ್ನ ಮುಂದೆ ಎಲ್ಲ ಸುರಿಯುತ್ತಿದ್ದಳು.

"ಎನಕ್ಕು ಕನ್ನಡಂ ತೆರಿಯಾದುಂಗ" ಎಂದೆ. ಕನ್ನಡ ಬರುವುದಿಲ್ಲ ಎಂದು, ಅಪ್ಪಟ ಕೊಯಮತ್ತೂರು ತಮಿಳಿನಲ್ಲಿ. ಅವಳ ಬಾಯಿಗೆ ಬೀಗ ಹಾಕಿದೆ ಎಂದು ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ತಂಗಿ ನನ್ನತ್ತ ನೋಡಿ ನಕ್ಕು, ನಿಶ್ಚಿಂತೆಯಿಂದ ಶುರು ಮಾಡಿದಳು.

"ಅಕ್ಕಾ, ಮಡತ್ತುಕುಳಂನಾಗೆ ಅಮ್ಮನ್ ಮನೇಲಿ ಇದ್ದದ್ದು ಕೇಳಿದ್ರೆ?"

"ಕರ್ಮ ಮುಗ್ದ ಮ್ಯಾಲೆ ಯಾರಾದ್ರೂ ತಾಯಿ ಮನೆಗೆ ಹೋಗ್ದೆ ಇರ್ತಾರಾ? ಆ ಸಂದಲ್ಲಿ ಅವ್ನು ಬೀಗ ಹಾಕ್ದ, ನಾನು ಒಡ್ದೆ. ಅದ್ನ ಹೇಳಿದ್ರೆ ಮನೆ ಹೋಯ್ತು. ದಿನಾ ಮಗ್ಗದ್ ಮುಂದೇನೇ ಇದ್ದೆ ಅಂತೀನಿ, ಅಷ್ಟೆ."

ಅಂಗಡಿಯವನ ಮುಂದೆ ಅಮ್ಮ ಮಾತಾಡುವ ಹಾಗೆಯೇ ಅವರು ನನ್ನ ಮುಂದೆ ಮಾತಾಡುತ್ತಿದ್ದರು. ಎದ್ದು ಹೋಗಲು ನೋಡಿದರೆ ಅವಳು ಮುಚ್ಚಳಕ್ಕೆ ಇನ್ನೊಂದು ತುತ್ತು ಹಾಕಿ, "ಸಾಪ್ಪಿಡು ಕಣ್ಣು" ಎಂದಳು, ಪಾಪ, ನನಗೆ ತಿಳಿಯಲೆಂದು ತಮಿಳಿನಲ್ಲಿ.

"ಏನಂದಳು?" ಎಂದು ನಾನು ಮರಳಿದ ಕೂಡಲೇ ಸೀನಿಯರ್ ಕೇಳಿದರು.

"ಏನೂ ಇಲ್ಲ ಸಾರ್. ಸುಮ್ಮನೆ ಊಟ ಮಾಡಿದರು."

"ದಂಡ" ಎಂದು ಅವರು ಮೂಲೆಗೆ ಉಗಿದರು.

ನಾನು ಮತ್ತೆ ಕೋಟು ತೊಟ್ಟು, ಅವಳ ಕಣ್ಣಿಗೆ ಬೀಳದಂತೆ ಬಾಗಿಲ ಬಳಿಯ ಗುಂಪಿನ ಹಿಂದೆ ನಿಂತೆ. ಸಾಕ್ಷಿಕಟ್ಟೆಯಲ್ಲಿ ಸೀನಿಯರ್ ಅವಳನ್ನು ಗದರಿಸಿದರು, ವ್ಯಂಗ್ಯ ಮಾಡಿದರು, ಗಂಡ ಸತ್ತವಳು ಯಾರ ಜೊತೆ ಇದ್ದೆ ಎಂದೂ ಕೇಳಿದರು. ನಮ್ಮ ಕಕ್ಷಿದಾರ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದ. ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಅವಳು ಮಾತ್ರ ಒಂದೇ ಪಟ್ಟು ಹಿಡಿದು, ದಿನವೂ ಮಗ್ಗದ ಮುಂದೆಯೇ ಇದ್ದೆ ಎಂದಳು. ಅವಳಾಡಿದ್ದು ಸುಳ್ಳು, ನಾನು ಸೀನಿಯರ್‌ಗೆ ಹೇಳಿದ್ದೂ ಸುಳ್ಳು. ಆ ಕಟ್ಟಡದಲ್ಲಿ ನಾನು ಕೇಳಿದ ಸುಳ್ಳುಗಳಲ್ಲಿ ಹೇಸಿಗೆ ಹುಟ್ಟಿಸದವು ಅವೆರಡೇ. ಮುಂದೆ ತೀರ್ಪೂ ಅವಳ ಪರವಾಗಿ ಬಂತು, ಮನೆ ಉಳಿಯಿತು.

ಪಾಟೀಸವಾಲು ಮುಗಿದ ಆ ಸಂಜೆ ವರಾಂಡದಲ್ಲಿ ಸೀನಿಯರ್ ಎಂದಿನಂತೆ ಪಟ್ಟಿ ಕಿತ್ತು ಕೈ ಚಾಚಿದರು. ನಾನು ತೆಗೆದುಕೊಂಡೆ. ಅಷ್ಟರಲ್ಲಿ ಅಕ್ಕತಂಗಿಯರು ಎದುರಿಗೆ ಬಂದರು. ಅವಳು ನನ್ನ ಮೈಮೇಲಿನ ಕರಿ ಕೋಟು ನೋಡಿದಳು, ಪಕ್ಕದಲ್ಲಿದ್ದ ಸೀನಿಯರನ್ನು ನೋಡಿದಳು, ನನ್ನ ಕೈಯಲ್ಲಿದ್ದ ಒದ್ದೆ ಪಟ್ಟಿಯನ್ನು ನೋಡಿದಳು. ಯಾಕೆ ಪಕ್ಕದಲ್ಲಿ ಬಂದು ಕೂತಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು. ಮುಖ ಬಿಳಿಚಿಕೊಂಡಿತು, ಆಮೇಲೆ ತಿಳಿಯಾಯಿತು.

"ಸದ್ಯ, ನಮ್ ಮಾತು ಬರಲ್ಲ ಇವ್ಳಿಗೆ" ಎಂದು ತಂಗಿಗೆ ಹೇಳಿದಳು, ನನ್ನ ಕಣ್ಣಿಗೆ ಕಣ್ಣಿಟ್ಟೇ. "ನಮ್ ಮನೆ ಮಗ್ಳಾಗಿದ್ರೆ ಇಂಥಾ ಪೊಳಪ್ಪಿಗೆ ಬರ್ತಾನೂ ಇರ್ಲಿಲ್ಲ ಬಿಡು."

ಸೀನಿಯರ್ ನನ್ನತ್ತ ತಿರುಗಿ, ಏನು ಹೇಳಿದಳು ಎಂದು ಹುಬ್ಬು ಹಾರಿಸಿದರು. ನಾನು ಕನ್ನಡ ಬಾರದವಳ ಹಾಗೆ ನಿಂತಿದ್ದೆ.