ಚನ್ನಯ್ಯನ ಎಡಸೊಂಟ

ಸಿದ್ದಾಪುರದ ಪೇಟೆಯಲ್ಲಿ ಯಾರಾದರೂ ಮುರಿದ ಕಬ್ಬಿಣ ಹಿಡಿದುಕೊಂಡು ಪೆಚ್ಚುಮೋರೆ ಹಾಕಿ ನಡೆಯುತ್ತಿದ್ದರೆ, ಅವರು ಚನ್ನಯ್ಯನ ಲೇತ್ ಅಂಗಡಿಗೆ ಹೊರಟಿದ್ದಾರೆಂದು ತಿಳಿಯಬೇಕು. ತಂದದ್ದು ಅಡಿಕೆ ಸುಲಿಯುವ ಯಂತ್ರದ ಶಾಫ್ಟ್ ಆಗಿರಲಿ, ಪಂಪಿನ ಬುಷ್ ಆಗಿರಲಿ, ಚನ್ನಯ್ಯ ಮೊದಲು ಬೈಯುತ್ತಾನೆ, ಆಮೇಲೆ ಕನ್ನಡಕ ಹಾಕಿಕೊಳ್ಳುತ್ತಾನೆ.

"ಎಣ್ಣೆ ತೋರಿಸೂದಿಲ್ಲ, ಬೋಲ್ಟ್ ಬಿಗಿ ಮಾಡೂದಿಲ್ಲ. ಮುರಿದು ಎರಡಾದ ಮೇಲೆ ಚನ್ನಯ್ಯ ನೆನಪಾಗ್ತಾನೆ!"

ಬೈಸಿಕೊಳ್ಳದೆ ಹೋದರೆ ಕೆಲಸ ಗಟ್ಟಿಯಾಗಿ ಆಗಿಲ್ಲವೇನೋ ಎಂದು ಗಿರಾಕಿಗಳಿಗೇ ಅನುಮಾನ. ಎಲ್ಲರಿಗಿಂತ ಹೆಚ್ಚು ಬೈಗುಳ ತಿನ್ನುವವರು ಟೆಂಪೋ ಚಾಲಕರು. "ಗೇರಿನ ಮೇಲೆ ಕೈಯಿಟ್ಟುಕೊಂಡೇ ಘಟ್ಟ ಹತ್ತಿಸ್ತೀರಲ್ಲ, ಅದೇನು ಹೆಂಡ್ತಿ ಹೆಗಲಾ? ಸುಮ್ನೆ ಒತ್ತಿ ಹಿಡಿದ್ರೆ ಒಳಗಿನ ಫೋರ್ಕ್ ಸವೆದು ಹೋಗ್ತದೆ" ಎಂಬ ಉಪದೇಶ ಅವರಿಗೆಲ್ಲ ಬಾಯಿಪಾಠ.

ಇಷ್ಟು ಬುದ್ಧಿ ಹೇಳುವ ಮನುಷ್ಯ ತನ್ನ ಲೇತಿನ ಮುಂದೆ ಹೇಗೆ ನಿಲ್ಲುತ್ತಿದ್ದ ಅಂದರೆ, ಬಲಗಾಲು ಊರಿ, ಎಡಸೊಂಟವನ್ನು ಯಂತ್ರದ ಎಡತುದಿಯ ಗೇರ್ ಪೆಟ್ಟಿಗೆಗೆ ಆನಿಸಿ, ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿದ ಕಾಲೇಜು ಹುಡುಗನ ಹಾಗೆ. ಹೊಸಬರು ಅದನ್ನು ಗತ್ತು ಎಂದುಕೊಳ್ಳುತ್ತಿದ್ದರು. ನಿಜ ಸಂಗತಿ ಬೇರೆ. ಲೇತು ಕಬ್ಬಿಣದ ತುಂಡನ್ನು ಗರಗರ ತಿರುಗಿಸುತ್ತದೆ, ಎದುರಿಗೆ ಹಿಡಿದ ಉಳಿ ಅದನ್ನು ಕೆತ್ತುತ್ತದೆ. ನಟ್ಟು ಕೂರುವ ಸುರುಳಿಗೆರೆ, ಅಂದರೆ ಥ್ರೆಡ್ ಹಾಕುವಾಗ ಮಾತ್ರ ತೀರಾ ನಿಧಾನ ತಿರುಗಬೇಕು, ಅದಕ್ಕೊಂದು ಗೇರು, ಆ ಗೇರಿಗೊಂದು ಲಿವರು. ಚನ್ನಯ್ಯನ ಲೇತಿನಲ್ಲಿ ಈ ಲಿವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಭಾರ ಬಿದ್ದ ಕೂಡಲೇ ಜಾರಿ ಹೊರಗೆ ಬರುತ್ತಿತ್ತು. ಎರಡು ಕೈಗೂ ಬೇರೆ ಕೆಲಸವಿದ್ದುದರಿಂದ ಚನ್ನಯ್ಯ ಅದನ್ನು ಸೊಂಟದಲ್ಲಿ ಒತ್ತಿ ಹಿಡಿಯುತ್ತಿದ್ದ.

ಆ ಲೇತು ಮೊದಲು ಶಿರಸಿಯ ಸುಭಾಷನ ಬಳಿ ಇತ್ತು. ಇಬ್ಬರೂ ಪ್ರಾಯದಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಕಲಿತವರು. ಹೊಸ ಯಂತ್ರ ಬಂದಾಗ ಸುಭಾಷ ಹಳೆಯದನ್ನು ಗೆಳೆಯನಿಗೆ ಕೊಟ್ಟ. "ಎಲ್ಲಾ ಫಸ್ಟ್ ಕ್ಲಾಸ್. ನಿಧಾನದ ಗೇರು ಒಂಚೂರು ಜಾರ್ತದೆ. ಹೊಸ ಸ್ಪ್ರಿಂಗ್ ಹಾಕಿಕೋ ಬಾಬಾ" ಅಂದಿದ್ದ. ಚನ್ನಯ್ಯ ಹಾಕುವವನೇ. ಆದರೆ ಮೊದಲ ದಿನವೇ ಅವಸರದ ಕೆಲಸ ಬಂತು. ಸೊಂಟ ಕೊಟ್ಟ, ನಿಂತಿತು. ನಾಳೆ ನೋಡಿದರಾಯಿತು ಅಂದುಕೊಂಡ. ಆ ನಾಳೆ ಬರುವಷ್ಟರಲ್ಲಿ ಅವನ ಮೀಸೆ ಬೆಳ್ಳಗಾಗಿತ್ತು. ಸುಭಾಷ ಫೋನಿನಲ್ಲಿ "ಗೇರು ಹೆಂಗಿದೆಯೋ?" ಎಂದು ಕೇಳಿದಾಗಲೆಲ್ಲ ಚನ್ನಯ್ಯ "ಹೂವಿನ ಹಂಗಿದೆ" ಅನ್ನುತ್ತಿದ್ದ.

ಅವನ ಹೆಂಡತಿ ಹೊನ್ನಿಗೆ ಇದರ ಪೂರ್ತಿ ಚರಿತ್ರೆ ಗೊತ್ತು, ಯಾಕೆಂದರೆ ಪ್ಯಾಂಟಿಗೆ ತೇಪೆ ಹಾಕುವವಳು ಅವಳು. "ಲೋಕದವರ ಪ್ಯಾಂಟು ಮೊಣಕಾಲಲ್ಲಿ ಹರಿತದೆ, ನಿಮ್ಮದು ಸೊಂಟದಲ್ಲಿ. ಮದುವೆಯಾದಲ್ಲಿಂದ ನನ್ನ ಪಕ್ಕ ಇಷ್ಟು ಹೊತ್ತು ನಿಂತದ್ದಿಲ್ಲ ನೀವು" ಎಂದು ಸೂಜಿ ಹಿಡಿದಾಗಲೆಲ್ಲ ಚುಚ್ಚುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಊರಿನ ಶಾಲೆಯ ಬಯಲಲ್ಲಿ ವಾಲಿಬಾಲ್ ಪಂದ್ಯ ಇಟ್ಟರು. ಕೊನೆಗೆ ತಮಾಷೆಗೆಂದು ಹಿರಿಯರದೂ ಒಂದು ಆಟ. ಅರವತ್ತರ ಅಂಚಿನಲ್ಲಿದ್ದ ಚನ್ನಯ್ಯ ಸುಮ್ಮನೆ ಚೆಂಡು ಎತ್ತಿಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಸ್ಮ್ಯಾಶ್ ಹೊಡೆಯಲು ಹಾರಿದ. ಹಾರಿದ್ದು ಚೆನ್ನಾಗಿಯೇ ಇತ್ತು, ಚಪ್ಪಾಳೆಯೂ ಬಿತ್ತು. ಚೆಂಡು ನೆಟ್ಟಿಗೆ ಬಡಿಯಿತು, ಚನ್ನಯ್ಯ ನೆಲಕ್ಕೆ ಬಡಿದ, ಅದೂ ಎಡಮಗ್ಗುಲಿಗೆ. ಡಾಕ್ಟರು ಎಕ್ಸ್‌ರೇ ತೆಗೆಸಿ, "ಮೂಳೆ ಗಟ್ಟಿ ಇದೆ. ಆದರೆ ಊತ ಇಳಿಯುವವರೆಗೆ ಈ ಕಡೆಗೆ ಏನೂ ಒತ್ತಬಾರದು" ಅಂದರು.

ಅಲ್ಲಿಗೆ ಲೇತೂ ಹಾಸಿಗೆ ಹಿಡಿದಂತಾಯಿತು. ಅದೇ ಹೊತ್ತಿಗೆ ಹೇರೂರಿನ ವೈಭವ ಹೆಗಡೆ ಅಡಿಕೆ ಸುಲಿಯುವ ಯಂತ್ರದ ಮುರಿದ ಶಾಫ್ಟ್ ತಂದಿಟ್ಟು ಹೋಗಿದ್ದ. ಅಂಥದ್ದೇ ಹೊಸದಾಗಬೇಕು, ತುದಿಗೆ ಥ್ರೆಡ್ ಬೇಕು. ಅವನ ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿತ್ತು.

ಚನ್ನಯ್ಯ ಮೊದಲು ಬಲಸೊಂಟ ಕೊಟ್ಟು ನೋಡಿದ. ಹಾಗೆ ನಿಂತರೆ ಮುಖ ರಸ್ತೆಗೆ, ಬೆನ್ನು ಕೆಲಸಕ್ಕೆ. ಆಮೇಲೆ ಸೈಕಲ್ ಟ್ಯೂಬಿನಿಂದ ಲಿವರನ್ನು ಕಿಟಕಿಯ ಸರಳಿಗೆ ಬಿಗಿದ. ಲಿವರು ಹಾರಿತು, ಟ್ಯೂಬು ಬಂದು ಕೆನ್ನೆಗೆ ಬಾರಿಸಿತು. ಮೂರನೆಯದಾಗಿ ಅಡಿಕೆ ದಬ್ಬೆಯ ಚೂರೊಂದನ್ನು ಸಂದಿಗೆ ತುರುಕಿದ. ಯಂತ್ರದ ನಡುಕಕ್ಕೆ ಅದು ಜಾರಿ ಬಿತ್ತು. ಕೊನೆಗೆ ಮನೆಯ ಕಡೆ ಮುಖ ಮಾಡಿ ಕೂಗಿದ.

"ಹೊನ್ನೀ, ಒಂಚೂರು ಇಲ್ಲಿ ಬಂದು ನಿಂತ್ಕೊ."

ಹೊನ್ನಿ ಸೆರಗು ಬಿಗಿದು ಸಿಕ್ಕಿಸಿಕೊಂಡು ಲಿವರಿಗೆ ಸೊಂಟ ಕೊಟ್ಟಳು.

"ಒತ್ತಿ ಹಿಡಿ."

"ಎಷ್ಟು ಒತ್ತಬೇಕು?"

"ನಾನು ಒತ್ತುವಷ್ಟು."

"ನಿಮ್ಮ ಭಾರ ನಾನು ಎಲ್ಲಿಂದ ತರ್ಲಿ?"

ಯಂತ್ರ ಶುರುವಾಯಿತು. ಥ್ರೆಡ್ ಅರ್ಧ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ವೈಭವ ಹೆಗಡೆ ಪ್ರತ್ಯಕ್ಷನಾದ. ಗಂಡ ಹೆಂಡತಿ ಒಂದೇ ಯಂತ್ರಕ್ಕೆ ಅಂಟಿಕೊಂಡು ನಿಂತದ್ದು ಕಂಡು, "ಎಂತ ಚನ್ನಯ್ಯಣ್ಣ, ಫೋಟೋ ತೆಗೆಸಿಕೊಳ್ತಿದ್ರಾ?" ಅಂದ. ಹೊನ್ನಿಗೆ ನಗು ತಡೆಯಲಾಗಲಿಲ್ಲ. ನಗುವಿಗೆ ಸೊಂಟ ಅಲುಗಿತು. ಪೆಟ್ಟಿಗೆಯೊಳಗೆ ಕರ್ರೆಂದು ಗೇರು ಬಿಟ್ಟಿತು, ಮರುಕ್ಷಣ ತಾನಾಗಿ ಕಚ್ಚಿತು. ಆ ಜರ್ಕಿಗೆ ಉಳಿಯ ಮೊನೆ ಮುರಿದು ಶಾಫ್ಟಿನ ಮೇಲೆ ಒಂದು ಹೊಂಡ ಬಿತ್ತು.

ಚನ್ನಯ್ಯ ಸ್ವಿಚ್ ಆರಿಸಿದ. ಶಾಫ್ಟ್ ಹೋದದ್ದಕ್ಕಿಂತ ಆ ಕರ್ರೆಂಬ ಸದ್ದಿನದೇ ಅವನಿಗೆ ಹೆಚ್ಚು ಚಿಂತೆ. ಗೇರಿನ ಹಲ್ಲು ಮುರಿದರೆ ಅದಕ್ಕೆ ಬದಲಿ ಎಲ್ಲಿಯೂ ಸಿಗದು.

"ಬಿಚ್ಚಲೇಬೇಕು ಹೆಗ್ಡೇರೆ" ಅಂದ.

ವೈಭವ ಹೊರಗೆ ಹೋಗಿ ಅಮ್ಮನಿಗೆ ಫೋನು ಹಚ್ಚಿ ಮನೆಮಾತಿನಲ್ಲಿ ಹೇಳಿದ. "ಆಯಿ, ಇವತ್ತು ಮಷಿನ್ ಶುರು ಆಗ್ತಿಲ್ಲೆ. ಚನ್ನಯ್ಯಣ್ಣನ ಲೇತಿಗೂ ಸೊಂಟನೋವು ಬೈಂದು."

ಮರುದಿನ ಬೆಳಿಗ್ಗೆ ಚನ್ನಯ್ಯ ಮೇನ್ ಸ್ವಿಚ್ಚಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕುಳಿತ. ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ. ಅದರ ಹಿಂದೆ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ಕಡಲೆಕಾಳಿನಷ್ಟು ಉಕ್ಕಿನ ಗುಂಡು. ಲಿವರು ಜಾಗಕ್ಕೆ ಬಂದಾಗ ಈ ಗುಂಡು ಒಂದು ಕುಳಿಯೊಳಗೆ ಕೂತು ಅದನ್ನು ಹಿಡಿದುಕೊಳ್ಳಬೇಕು. ಸ್ಪ್ರಿಂಗ್ ಎರಡು ತುಂಡಾಗಿತ್ತು. ಹೊಸದನ್ನು ಹಾಕಿ ಲಿವರು ತಳ್ಳಿದ. ಟಕ್ ಎಂದು ಕೂತಿತು.

"ನೋಡು, ಇಷ್ಟೇ ಆಗಿತ್ತು!" ಎಂದು ಹೊನ್ನಿಯನ್ನು ಕರೆದು ತೋರಿಸಿದ. ಫ್ಯೂಸ್ ಹಾಕಿ ಖಾಲಿ ಓಡಿಸಿದ, ನಿಂತಿತು. ಒಂದು ಹಳೆಯ ಸರಳು ಕಚ್ಚಿಸಿ ಉಳಿ ತಾಗಿಸಿದ. ಲಿವರು ಪಟಕ್ಕನೆ ಹಾರಿ ಹೊರಗೆ ಬಂತು. ಹೊನ್ನಿ ಲಿವರಿನ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಚಹಾ ಮಾಡಿ ತಂದಳು.

ಮತ್ತೆ ಫ್ಯೂಸ್ ಕಿತ್ತು, ಎಣ್ಣೆ ಬಸಿದು, ಪೆಟ್ಟಿಗೆಯ ಮೇಲಿನ ಮುಚ್ಚಳವನ್ನೇ ಎತ್ತಿದ. ಲಿವರನ್ನು ನಿಧಾನದ ಗೇರಿಗೆ ತಂದು ಬ್ಯಾಟರಿ ಹಿಡಿದು ಬಗ್ಗಿ ನೋಡಿದ. ಲಿವರು ಪೂರ್ತಿ ಬಂದಿತ್ತು, ಆದರೆ ಗೇರು ಅರ್ಧವೇ ಬಂದಿತ್ತು. ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡಿದ್ದವು. ಹಾಗಾದರೆ ನಡುವೆ ಎಲ್ಲೋ ಮೋಸವಿದೆ. ನಡುವೆ ಇರುವುದು ಫೋರ್ಕ್, ಗೇರನ್ನು ಅತ್ತಿತ್ತ ಸರಿಸುವ ಕವಲು. ಅದರ ಎರಡು ತುದಿಯಲ್ಲೂ ಗೇರಿನ ಸುತ್ತ ಕೊರೆದ ತೋಡಿನಲ್ಲಿ ಕೂರುವ, ಗನ್‌ಮೆಟಲ್ ಎಂಬ ಕಂಚಿನ ಪುಟ್ಟ ತುಂಡುಗಳು. ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಒಂದು ಕಡೆ ಸವೆದು ಹಪ್ಪಳವಾಗಿದ್ದವು. ಇನ್ನೊಂದು ಕಡೆ ನಿನ್ನೆ ಮಾಡಿದಂತೆ ಹೊಸದಾಗಿಯೇ ಇದ್ದವು.

ಸವೆದದ್ದು ಯಾವ ಕಡೆ ಎಂದು ತಿಳಿಯಲು ಅವನು ಎರಡನೇ ಸಲ ನೋಡಬೇಕಾಗಲಿಲ್ಲ. ಅವನ ಸೊಂಟ ಒತ್ತುತ್ತಿದ್ದ ಕಡೆ. ಮೊದಲು ಕೆಟ್ಟದ್ದು ಬರೀ ಒಂದು ಸ್ಪ್ರಿಂಗು. ಗೇರನ್ನು ಕಾಪಾಡುತ್ತೇನೆಂದು ಇಷ್ಟು ಕಾಲ ಒತ್ತಿ ಒತ್ತಿ ಫೋರ್ಕನ್ನು ತಿಂದವನು ಅವನೇ.

"ಎಂತ ಆಗಿದೆ?" ಹೊನ್ನಿ ಇಣುಕಿದಳು.

"ಇಲಿ ಕಡಿದಿದೆ."

"ಕಬ್ಬಿಣದ ಪೆಟ್ಟಿಗೆಯೊಳಗೆ ಇಲಿಯಾ?" ಅವನ ಮುಖ ನೋಡಿದಳು, ಅಂಗೈ ನೋಡಿದಳು, ಸೊಂಟ ನೋಡಿದಳು. "ತೇಪೆ ಹಾಕಿದ ಪ್ಯಾಂಟಿನ ಇಲಿ ಇರ್ಬೇಕು."

ಹೊಸ ತುಂಡು ಮಾಡಲು ಲೇತು ಬೇಕು, ಲೇತು ಹೊಟ್ಟೆ ಬಿಚ್ಚಿ ಮಲಗಿದೆ. ಚನ್ನಯ್ಯ ಸವೆದ ತುಂಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಶಿರಸಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಸುಭಾಷನಿಗೆ ಹೇಳಲು ಒಳ್ಳೆಯ ಕತೆಯೊಂದನ್ನು ಕಟ್ಟಿದ. ಆದರೆ ಸುಭಾಷ ಪೊಟ್ಟಣ ಬಿಚ್ಚಿ, ತುಂಡನ್ನು ಬೆಳಕಿಗೆ ಹಿಡಿದು, ಮೊದಲೇ ಕೇಳಿದ.

"ಎಷ್ಟು ವರ್ಷ ಒರಗಿ ನಿಂತಿದ್ದೆಯೋ?"

ಚನ್ನಯ್ಯ ಖಾಲಿ ಪೇಪರನ್ನು ಮಡಿಸಿ ಜೇಬಿಗೆ ತುರುಕಿದ.

"ಹೂವಿನ ಹಂಗಿದೆ ಅಂದಿದ್ದೆ?"

"ಬಾಡಿತು."

"ಅಲ್ಲಾ ಮಾರಾಯಾ, ಟೆಂಪೋದವ್ರಿಗೆ ದಿನಾ ಎಂತ ಹೇಳ್ತೀಯ ನೀನು? ಶಿರಸಿಯವರೆಗೂ ಕೇಳ್ತದೆ ನಿನ್ನ ಭಾಷಣ!"

"ಸುಮ್ನಿರು ಸುಭಾಷ."

ಸುಭಾಷ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿಸಿ ಗುಜರಿ ರಾಶಿಯಲ್ಲಿ ಕೈಯಾಡಿಸಿ, ಯಾವುದೋ ಪಂಪಿನ, ದಪ್ಪ ಬಳೆಯಂಥ ಗನ್‌ಮೆಟಲ್ ಬುಷ್ ಹುಡುಕಿ ತೆಗೆದ. "ನೀನೇ ತಿರುವು. ನಿನ್ನ ಯಂತ್ರದ ಅಳತೆ ನಿನಗೇ ಗೊತ್ತು" ಎಂದು ತನ್ನ ಲೇತು ಬಿಟ್ಟುಕೊಟ್ಟ. ಚನ್ನಯ್ಯ ಯಂತ್ರದ ಮುಂದೆ ನಿಂತವನೇ ಅಭ್ಯಾಸಬಲದಿಂದ ಎಡಕ್ಕೆ ಒರಗಿದ. "ಅಯ್ಯಬ್ಬಾ!" ಎಂದು ನೆಟ್ಟಗಾದ. ಸುಭಾಷ ಮತ್ತೆ ನಗಲು ಶುರು ಮಾಡಿದ. ಈ ಸಲ ಚನ್ನಯ್ಯನೂ ನಕ್ಕ.

ಬುಷ್ ತಿರುವಿ, ಗರಗಸದಲ್ಲಿ ಕೊಯ್ದು, ಇಬ್ಬರೂ ಎದುರುಬದುರು ಕೂತು ಅರದಿಂದ ಉಜ್ಜಿದರು. ತುಂಡು ಗೇರಿನ ತೋಡಿನಲ್ಲಿ ಸಲೀಸಾಗಿ ಜಾರಬೇಕು, ಆದರೆ ಗಡಗಡ ಅಲುಗಬಾರದು. ಒಂದು ಉಜ್ಜು ಹೆಚ್ಚಾದರೆ ಹೋಯಿತು. ಉಜ್ಜುತ್ತ ಉಜ್ಜುತ್ತ ಸತ್ತುಹೋದ ಉಸ್ತಾದನ ಬೈಗುಳಗಳನ್ನೆಲ್ಲ ನೆನಪು ಮಾಡಿಕೊಂಡರು. ಹೊರಡುವಾಗ ಸುಭಾಷ, "ಆವತ್ತು ಆ ಸ್ಪ್ರಿಂಗ್ ನಾನೇ ಹಾಕಿ ಕೊಡಬಹುದಿತ್ತು" ಅಂದ. "ಹಾಕಿದ್ದಿದ್ರೆ ನಿನಗಿವತ್ತು ನಗು ಎಲ್ಲಿತ್ತು?" ಅಂದ ಚನ್ನಯ್ಯ.

ಊರಿಗೆ ಮರಳಿ, ಜೋಡಣೆ ಮುಗಿದು ಹೊಸ ಎಣ್ಣೆ ತುಂಬಿದ ಮೇಲೆ ಚನ್ನಯ್ಯ ಕಬ್ಬಿಣ ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದ ತಿರುಗಿಸಿ ನೋಡಿದ. ಹಲ್ಲಿಗೆ ಹಲ್ಲು ಪೂರ್ತಿ ಸೇರಿತ್ತು. ಉಳಿ ತಾಗಿಸಿದ, ಭಾರ ಹೆಚ್ಚಿಸಿದ. ಲಿವರು ಕದಲಲಿಲ್ಲ. ವೈಭವನ ಶಾಫ್ಟಿಗೆ ಹೊಸ ಉಕ್ಕು ಕಚ್ಚಿಸಿ ಥ್ರೆಡ್ ತೆಗೆದ. ಸುರುಳಿ ಸುರುಳಿಯಾಗಿ ತೊಗಟೆ ಉದುರಿತು. ಸಂಜೆ ವೈಭವ ಬಂದು ನಟ್ಟು ತಿರುಗಿಸಿ ನೋಡಿ, "ಅಡ್ಡಿಲ್ಲೆ!" ಎಂದು ತನ್ನ ಮನೆಮಾತಿನಲ್ಲೇ ಮೆಚ್ಚಿಕೊಂಡ. ಚನ್ನಯ್ಯ ಅವನಿಗೆ ಬೈಯಲು ಬಾಯಿ ತೆರೆದು, ಹೊನ್ನಿ ನಿಂತದ್ದು ಕಂಡು, "ವಾರಕ್ಕೊಮ್ಮೆ ಎಣ್ಣೆ ಬಿಡಿ ಹೆಗ್ಡೇರೆ" ಎಂದಷ್ಟೇ ಹೇಳಿದ.

ವೈಭವ ಹೋದ ಮೇಲೆ ಹೊನ್ನಿ ಲೇತಿನ ಹತ್ತಿರ ಬಂದಳು.

"ನಾನು ಒಂದ್ಸಲ ಗೇರು ಹಾಕ್ಲಾ?"

"ಯಂತ್ರ ನಿಂತಾಗ ಮಾತ್ರ ಹಾಕ್ಬೇಕು. ಚಕ್ಕು ಒಂಚೂರು ತಿರುಗಿಸಿ ಹಾಕು. ಹಾಕಿದ ಮೇಲೆ ಕೈ ತೆಗಿ."

ಅವಳು ಹಾಕಿದಳು. ಟಕ್. ತೆಗೆದಳು. ಟಕ್. ಮತ್ತೆ ಹಾಕಿದಳು.

"ಸಾಕು ಮಾರಾಯ್ತಿ, ಸವೀತದೆ."

"ಸವೆದ್ರೆ ಸವೀಲಿ. ಶಿರಸಿಗೆ ಹೋಗಿ ಬರುವ. ನೀವೊಬ್ರೇ ಹೋಗಿ ನಕ್ಕು ಬಂದ್ರಾಯ್ತಾ?"

ಸವೆಯುವವರೆಗೆ ಕಾಯಲಿಲ್ಲ. ಮುಂದಿನ ಭಾನುವಾರ ಅಂಗಡಿಗೆ ಬೀಗ ಹಾಕಿ, ಚನ್ನಯ್ಯ ಹೊಸ ಪ್ಯಾಂಟು ತೊಟ್ಟು, ಇಬ್ಬರೂ ಸುಭಾಷನ ಮನೆಗೆ ಊಟಕ್ಕೆ ಹೋದರು.