ಆರಡಿಗೆ ನಾಲ್ಕೂವರೆ

ಅವನಿಗೆ ಅಡ್ಡಗೋಡೆ ಬಡಗಿ ಅಂತ ಹೆಸರು ಬಿದ್ದು ಹದಿನೈದು ವರ್ಷವಾಗಿರಬೇಕು. ಅದಕ್ಕೆ ಮೊದಲು ಎಲ್ಲ ಬಡಗಿಗಳ ಹಾಗೆ ಮಂಚ, ಬೀರು, ಕಿಟಕಿ, ತೊಟ್ಟಿಲು ಮಾಡಿಕೊಂಡಿದ್ದ. ಬರಬರುತ್ತ ತೊಟ್ಟಿಲು ಕೇಳುವವರು ಕಮ್ಮಿಯಾದರು. ಫೋನ್ ಮಾಡುವವರದೆಲ್ಲ ಒಂದೇ ಮಾತು: ಹಾಲ್‌ನ ಮೂಲೆಯಲ್ಲಿ ಪ್ಲೈವುಡ್ ಹೊಡೆದು ಒಂದು ರೂಮು ಮಾಡಿಕೊಡಿ, ಜಾಗ ಜಾಸ್ತಿ ತಿನ್ನಬಾರದು, ಬೇಗ ಆಗಬೇಕು. ಯಾರಿಗೆ ಅಂತ ಅವರು ಹೇಳುತ್ತಿರಲಿಲ್ಲ, ಇವನು ಕೇಳುತ್ತಿರಲಿಲ್ಲ. ಕೇಳುವುದೇನು ಬಂತು, ಪೆನ್ಶನ್ ದುಡ್ಡು ಬಾಡಿಗೆಗೇ ಸಾಲದೆ ಒಬ್ಬ ಅಪ್ಪನೋ ಅಮ್ಮನೋ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದಾರೆ, ಇಲ್ಲವೇ ಬರಲಿದ್ದಾರೆ ಅಂತಲೇ ಅರ್ಥ.

ಅಳತೆಯೂ ಒಂದೇ, ಆರಡಿಗೆ ನಾಲ್ಕೂವರೆ. ಒಂದು ಮಂಚ ಹಾಕಿದರೆ ಪಕ್ಕದಲ್ಲಿ ಎರಡಡಿ ಉಳಿಯುತ್ತದೆ, ನಿಂತು ಬಟ್ಟೆ ಹಾಕಿಕೊಳ್ಳುವುದಕ್ಕೆ. ವಯಸ್ಸಾದ ಜೀವಕ್ಕೆ ಇಷ್ಟು ಸಾಕು ಅಂತ ಯಾರು ಯಾವಾಗ ಕೂತು ತೀರ್ಮಾನ ಮಾಡಿದರೋ ಗೊತ್ತಿಲ್ಲ, ಮನೆಮನೆಯವರೂ ಮೊದಲೇ ಮಾತಾಡಿಕೊಂಡವರ ಹಾಗೆ ಅದನ್ನೇ ಹೇಳುತ್ತಿದ್ದರು.

ಈ ಕೆಲಸದಲ್ಲಿ ಅವನದೇ ಒಂದು ಪದ್ಧತಿ ಇತ್ತು. ಬಹಳ ಮನೆಗಳಲ್ಲಿ ರೂಮು ಯಾರಿಗೋ ಅವರಿಗೇ ವಿಷಯ ತಿಳಿಸಿರುತ್ತಿರಲಿಲ್ಲ. ಸಾಮಾನಿಡುವುದಕ್ಕೆ, ಕಂಪ್ಯೂಟರ್ ಇಡುವುದಕ್ಕೆ ಅಂತ ಏನೋ ಒಂದು ಸಬೂಬು ಹೇಳಿರುತ್ತಿದ್ದರು. ಹಾಗಾಗಿ ಇವನು ಹೋದ ಕೂಡಲೇ ಮನೆಯ ಹಿರಿತಲೆಯನ್ನು ಕರೆದು, "ಟೇಪಿನ ಈ ತುದಿ ಸ್ವಲ್ಪ ಹಿಡ್ಕೊಳ್ಳಿ" ಅನ್ನುತ್ತಿದ್ದ. ಅವರು ಹಿಡಿದುಕೊಂಡು ನಿಂತಾಗ ಎತ್ತರ ಎಷ್ಟು, ಕೈ ಎಲ್ಲಿಯವರೆಗೆ ಏಳುತ್ತದೆ, ಭಾರ ಯಾವ ಕಾಲಿನ ಮೇಲೆ ಬಿಡುತ್ತಾರೆ, ಎಲ್ಲ ಕಣ್ಣಲ್ಲೇ ಅಳೆದುಬಿಡುತ್ತಿದ್ದ. ನೋಯುವ ಕಾಲಿನ ಕಡೆ ಗೋಡೆಗೆ ಮರದ ಹಿಡಿ. ದಿಂಬಿನ ಎತ್ತರಕ್ಕೆ ಸ್ವಿಚ್ಚು. ಕನ್ನಡಕ, ನೀರಿನ ಲೋಟ ಇಡುವುದಕ್ಕೆ ಅಂಚು ಕಟ್ಟಿದ ಪುಟ್ಟ ಹಲಗೆ. ಬಾಗಿಲು ಮಾತ್ರ ಪಕ್ಕಕ್ಕೆ ಸರಿಸುವಂಥದ್ದೇ ಆಗಬೇಕು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಒಳಗೆ ಬಾಗಿಲಿಗೆ ಅಡ್ಡಬಿದ್ದು, ಹೊರಗಿನವರು ತಳ್ಳಲೂ ಆಗದೆ ಗರಗಸ ತರಿಸಿದ್ದರು. ಅಂದಿನಿಂದ ಅವನು ತಳ್ಳುವ ಬಾಗಿಲು ಮಾಡಲೇ ಇಲ್ಲ.

ಟೇಪು ಹಿಡಿದವರಲ್ಲಿ ಬಾಯಿಬಿಟ್ಟು ಕೇಳಿದ್ದು ಒಬ್ಬರೇ, ರಿಟೈರಾದ ಒಬ್ಬ ಟೀಚರಮ್ಮ. "ನನ್ನ ಮಂಚ ಹಿಡಿಸುತ್ತೇನಪ್ಪಾ?" ಅಂದಿದ್ದರು. ಹಿಡಿಸುತ್ತೆ ಅಂತ ಹೇಳಿ ಇವನು ತಲೆ ತಗ್ಗಿಸಿಕೊಂಡು ಸ್ಕ್ರೂ ಹುಡುಕುವ ನಾಟಕ ಮಾಡಿದ್ದ.

ಇನ್ನು ಅವನ ಸ್ವಂತ ಪೆನ್ಶನ್ನಿನ ಕಥೆ. ಸ್ವಂತ ದುಡಿಮೆಯವರಿಗೂ ಒಂದು ಯೋಜನೆ ಇದೆ ಅಂತ ಮೂವತ್ತನೇ ವಯಸ್ಸಿನಿಂದ ತಿಂಗಳು ತಪ್ಪದೆ ಕಟ್ಟಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ ತಿಂಗಳೂ ಕಟ್ಟಿದ್ದ. ಅರವತ್ತಕ್ಕೆ ಕೊಡುತ್ತೇವೆ ಅಂದಿದ್ದರು. ಇವನಿಗೆ ಐವತ್ತೊಂಬತ್ತಾದಾಗ ಅದನ್ನು ಅರವತ್ತಮೂರು ಮಾಡಿದರು. ಅರವತ್ತೆರಡಾದಾಗ ಅರವತ್ತಾರು ಮಾಡಿದರು. ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ, ಕಟ್ಟುವ ಕೈ ಕಮ್ಮಿಯಾಗಿದೆ, ನಾವೇನು ಮಾಡೋಣ ಅಂತ ಕೌಂಟರಿನಲ್ಲಿದ್ದ ಹುಡುಗಿ ಹೇಳಿದ್ದಳು. ಬದುಕಿದ್ದೇ ತಪ್ಪಾಯ್ತು, ಕ್ಷಮಿಸಮ್ಮ ಅಂದು ಎದ್ದು ಬಂದಿದ್ದ. ಕೊನೆಗೆ ಬಂದ ದುಡ್ಡು ಎಡಮಂಡಿಯ ಮಾತ್ರೆಗೆ ಸರಿಹೋಗುತ್ತಿತ್ತು, ಬಲಮಂಡಿ ಪುಣ್ಯಕ್ಕೆ ಚೆನ್ನಾಗಿತ್ತು. ಅರವತ್ತೇಳರಲ್ಲೂ ಗರಗಸ ಹಿಡಿದಿದ್ದು ಅದಕ್ಕೇ.

ಹೆಂಡತಿ ಹೋದ ಮೇಲೆ ಅವನು ಮನೆ ಬಿಟ್ಟು ತನ್ನ ಕೆಲಸದ ಶೆಡ್ಡಿನಲ್ಲೇ ಮಲಗುತ್ತಿದ್ದ. ಈ ವರ್ಷ ಶೆಡ್ಡಿನ ಮಾಲೀಕ ಜಾಗ ಮಾರಿದ. ತಿಂಗಳ ಕೊನೆಗೆ ಖಾಲಿ ಮಾಡಬೇಕು ಅಂದ. ಬಡಗಿ ಊರೆಲ್ಲ ಸುತ್ತಿ ಬಾಡಿಗೆ ಕೇಳಿ ಬಂದ. ಒಂಟಿ ಮುದುಕ ಅಂದ ಕೂಡಲೇ ಎಲ್ಲರೂ ರೂಮು ಈಗ ತಾನೇ ಹೋಯ್ತು ಅನ್ನುವವರೇ. ನಾಳೆ ಒಳಗೇ ಸತ್ತು ಬಿದ್ದರೆ ಯಾರಿಗೆ ಬೇಕು ಆ ತಲೆನೋವು?

ಮಗಳಿಗೆ ಈ ಸುದ್ದಿ ಹೇಳಿ ಒಂದು ವಾರವೂ ಆಗಿರಲಿಲ್ಲ, ಅವಳದೇ ಫೋನು ಬಂತು. "ಅಪ್ಪಾ, ನಮ್ಮ ಹಾಲ್‌ನಲ್ಲಿ ಒಂದು ರೂಮು ಮಾಡ್ಕೊಡ್ತೀಯಾ? ಆರಡಿಗೆ ನಾಲ್ಕೂವರೆ ಸಾಕು."

ಅವನು ಯಾರಿಗೆ ಅಂತ ಕೇಳಲಿಲ್ಲ. ಹದಿನೈದು ವರ್ಷದಲ್ಲಿ ಯಾರನ್ನೂ ಕೇಳದವನು ಮಗಳನ್ನು ಕೇಳುತ್ತಾನೆಯೇ? ನೇರವಾಗಿ ಬಾರಪ್ಪ ಅನ್ನುವುದಕ್ಕೆ ಅವಳಿಗೆ ಸಂಕೋಚ, ಅವರಮ್ಮನ ಹಾಗೇ ಅಂದುಕೊಂಡ. ಆ ದಿನ ಶೆಡ್ಡಿನಲ್ಲಿ ಒಬ್ಬನೇ ಕೂತು ಸುಮ್ಮಸುಮ್ಮನೆ ನಕ್ಕ. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುವಷ್ಟು ಖುಷಿಯಾಗಿತ್ತು ಅವನಿಗೆ.

ಮಗಳ ಮನೆ ಮೂರನೇ ಮಹಡಿಯಲ್ಲಿ. ಅವಳು ಒಂದು ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಕೆಲಸದವಳು, ಅಳಿಯ ಕಂಪನಿ ಮುಚ್ಚಿದ ಮೇಲೆ ಕಾಂಟ್ರ್ಯಾಕ್ಟಿನಲ್ಲಿ ದುಡಿಯುತ್ತಿದ್ದ. ಬೆಳಗ್ಗೆ ಇಬ್ಬರೂ ಕೀಲಿಕೈ ಇವನ ಕೈಗಿಟ್ಟು ಹೊರಟುಬಿಟ್ಟರು. ಟೇಪಿನ ತುದಿ ಹಿಡಿಯುವುದಕ್ಕೆ ಮನೆಯಲ್ಲಿ ಬೇರೆ ಹಿರಿಯರು ಇರಲಿಲ್ಲ. ಎರಡೂ ತುದಿ ತಾನೇ ಹಿಡಿದ. ತನ್ನ ಸೊಂಟದ ಎತ್ತರ ನೋಡಿಕೊಂಡ, ಕೈ ಚಾಚಿ ನೋಡಿಕೊಂಡ, ಎಡಮಂಡಿಗೆ ಸರಿಯಾಗಿ ಎಡಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದ.

ಮೂರು ದಿನ ಕೆಲಸ. ಪ್ಲೈವುಡ್ ಒಳ್ಳೆಯದೇ ತಂದ, ಕೈಯಿಂದ ದುಡ್ಡು ಹಾಕಿ. ಹಿಡಿಗೆ ಮಾತ್ರ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಚ್ಚಿಟ್ಟಿದ್ದ ತೇಗದ ತುಂಡು ತೆಗೆದ. ಹೆಂಡತಿಗೆ ಕನ್ನಡಿಯ ಚೌಕಟ್ಟು ಮಾಡಿಕೊಡುತ್ತೇನೆ ಅಂತ ಇಟ್ಟುಕೊಂಡು ಮಾಡದೇ ಹೋದ ತುಂಡು ಅದು. ಅಂಗೈಗೆ ಒಂದು ಸಿಬಿರೂ ತಾಕದಷ್ಟು ಉಜ್ಜಿದ. ಬಾಗಿಲು ಒಂದೇ ಬೆರಳಿಗೆ ಸರಿಯಬೇಕು ಅಂತ ನಾಲ್ಕು ಸಲ ಬಿಚ್ಚಿ ಕೂರಿಸಿದ. ಜನ್ಮದಲ್ಲಿ ಅಷ್ಟು ನಾಜೂಕಾದ ಕೆಲಸ ಮಾಡಿರಲಿಲ್ಲ. ಕೊನೆಯ ದಿನ ಉಪಕರಣದ ಚೀಲದಲ್ಲಿ ಹೆಂಡತಿಯ ಕಾಲದ ಅಲಾರಾಂ ಗಡಿಯಾರವನ್ನೂ ತಂದಿದ್ದ. ಕಸ ಗುಡಿಸಿ ಅದನ್ನು ಪುಟ್ಟ ಹಲಗೆಯ ಮೇಲಿಟ್ಟು, ಹಿಂದೆ ಸರಿದು ನೋಡಿದ. ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಮಗಳು ಬಂದಳು. ರೂಮು ನೋಡಿ ಮುಖ ಅರಳಿತು, ಬಾಗಿಲು ಎರಡು ಸಲ ಸರಿಸಿ ನೋಡಿದಳು. ಗಡಿಯಾರ ಕಣ್ಣಿಗೆ ಬಿದ್ದ ಮೇಲೆ ಅವಳ ಕೈ ಬಾಗಿಲಿನ ಮೇಲೇ ನಿಂತಿತು.

"ಅಪ್ಪಾ," ಅಂದಳು ಮೆಲ್ಲಗೆ, "ಇದು ನಮ್ಮ ಮಾವನಿಗೆ."

ಅವನು ಗಡಿಯಾರ ಎತ್ತಿ ಚೀಲಕ್ಕೆ ಹಾಕುತ್ತ, "ಗೊತ್ತಮ್ಮ, ಟೈಮ್ ನೋಡೋಕೆ ಇಟ್ಟಿದ್ದೆ" ಅಂದ.

ಅವಳು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮಾವ ಖಜಾನೆ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು, ಹಳೇ ಕಾಲದ ಪೂರ್ತಿ ಪೆನ್ಶನ್ನು. ಭಾವ, ಓರಗಿತ್ತಿ ಅವರನ್ನು ಬಿಟ್ಟುಕೊಡುವುದಕ್ಕೇ ಒಪ್ಪಿರಲಿಲ್ಲ, ಜಗಳವಾಡಿ ಕರೆಸಿಕೊಂಡದ್ದು. ಆ ದುಡ್ಡು ಬಂದರೆ ಮಾತ್ರ ಮನೆ ಸಾಲದ ಕಂತು ಸಾಗುವುದು, ಇಲ್ಲದಿದ್ದರೆ ತಾವೇ ಬೀದಿಗೆ ಬೀಳಬೇಕು. ತಮಗಂತೂ ಮುಂದೆ ಪೆನ್ಶನ್ ಅನ್ನುವುದೇ ಇಲ್ಲ. ಅಷ್ಟೂ ಹೇಳಿ ಕೊನೆಗೆ, "ನಿನಗೆ ಹೇಗೆ ಹೇಳಲಿ ಅಂತ ಗೊತ್ತಾಗ್ಲಿಲ್ಲಪ್ಪ" ಅಂದಳು. ಅವಳು ಅಳುತ್ತಿದ್ದಳು. ಅವಳ ಲೆಕ್ಕ ತಪ್ಪಲ್ಲ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಅಳಿಯ ತನ್ನ ಅಪ್ಪನ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ಬೀಗರು ಎತ್ತರದ ಆಳು, ಎಂಬತ್ತು ದಾಟಿದವರು. ಉಸಿರು ಸುಧಾರಿಸಿಕೊಂಡು ಒಳಗೆ ಹೋಗಿ ಮಂಚ ಹಾಕುವ ಜಾಗ, ಹಲಗೆ, ಸ್ವಿಚ್ಚು ಎಲ್ಲ ಮುಟ್ಟಿ ನೋಡಿದರು.

"ಬೀಗರೇ, ಎಷ್ಟು ಮುತುವರ್ಜಿಯಿಂದ ಮಾಡಿದೀರಿ. ನಮ್ಮ ದೊಡ್ಡವನ ಮನೇಲಿ ಇದರ ಅರ್ಧ ಅನುಕೂಲ ಇರಲಿಲ್ಲ," ಅಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದರು. ಆಮೇಲೆ ಹಿಡಿಯನ್ನು ಹಿಡಿದರು. ಅದು ಅವರಿಗೆ ತೊಡೆಯ ಹತ್ತಿರ ಬರುತ್ತಿತ್ತು, ಬಗ್ಗಿ ಹಿಡಿಯಬೇಕಿತ್ತು. ನೋವಿದ್ದದ್ದು ಅವರ ಬಲಗಾಲಲ್ಲಿ.

ಬಡಗಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

"ಬೀಗರೇ, ಟೇಪಿನ ಈ ತುದಿ ಸ್ವಲ್ಪ ಹಿಡ್ಕೊಳ್ಳಿ," ಅಂದ.

ಬೀಗರು ಹಿಡಿದು ನಿಂತರು. ಅವನು ಅಳೆದ, ಗೆರೆ ಎಳೆದ, ತೇಗದ ಹಿಡಿಯನ್ನು ಎಡಗೋಡೆಯಿಂದ ಬಿಚ್ಚಿ ಬಲಗೋಡೆಯ ಮೇಲೆ ಆರು ಬೆರಳು ಮೇಲಕ್ಕೆ ಕೂರಿಸಿದ. ಹಳೆಯ ತೂತುಗಳಿಗೆ ಪುಟ್ಟಿ ಮೆತ್ತಿ ಬೆರಳಿಂದ ಒರೆಸಿದ. ಭಾರ ಹಾಕಿ ನೋಡಿ ಅಂದ. ಬೀಗರು ಭಾರ ಹಾಕಿದರು, ಹಿಡಿ ಅಲುಗಲಿಲ್ಲ.

ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಮಗಳು ಬಾಗಿಲವರೆಗೂ ಬಂದಳು. ಏನಾದರೂ ಕೊಡಲೇಬೇಕು ಅನಿಸಿತೋ ಏನೋ, ಗೋಡೆಗೆ ಒರಗಿಸಿದ್ದ ಉಳಿಕೆ ಪ್ಲೈವುಡ್ ತೋರಿಸಿದಳು. ಒಬ್ಬರು ಮಲಗುವಷ್ಟು ಉದ್ದವಿತ್ತು ಅದು.

"ಒಳ್ಳೇ ಹಲಗೆ ಅಲ್ವಾಪ್ಪ, ವೇಸ್ಟಾಗತ್ತೆ. ನೀನೇ ತಗೊಂಡು ಹೋಗು."

ಅವನು ಹಲಗೆಯನ್ನು ನೋಡಿದ, ಮಗಳನ್ನು ನೋಡಿದ.

"ಎಲ್ಲಿಗೆ ತಗೊಂಡು ಹೋಗ್ಲಮ್ಮಾ?" ಅಂದ.

ಅವನು ಒಂದೊಂದೇ ಮೆಟ್ಟಿಲಿಗೆ ಎಡಗಾಲು ಊರಿ ನಿಲ್ಲುತ್ತ, ಮೂರು ಮಹಡಿ ಇಳಿದು ಹೋದ.