ಹೆಮಿಯ ಪಾಲಿಗೆ ಹೋದ ಈಲಿ

ಹಾರಿಹಾರಿ ಎಂಬ ಕರಾವಳಿಯ ಊರಿನ ಜನಕ್ಕೆ ಹಳೇ ಬಂದೂಕು ಕೊಳ್ಳಬೇಕೆಂದರೆ ದುಡ್ಡು ಕೈಬಿಡುವ ಮುಂಚೆ ಒಂದು ಕೆಲಸವಿತ್ತು. ಅದನ್ನು ತಂದು ಲೆಕ್ಸ್ ಗಿಲ್ರಾಯ್‌ನ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಬೇಕು. ಮೇಜಿಗೆ ಒಂದು ಹಳೇ ಉಣ್ಣೆಯ ಕಂಬಳಿ ಹಾಸಿರುತ್ತಿತ್ತು. ಚಹಾದ ನೀರು ಕುದಿಯುವವರೆಗೆ ಲೆಕ್ಸ್ ಬಂದೂಕನ್ನು ಮುಟ್ಟುತ್ತಲೇ ಇರಲಿಲ್ಲ, ಸುಮ್ಮನೆ ನೋಡುತ್ತಿದ್ದ. ತಂದವನ ಎದೆ ಡವಗುಟ್ಟುತ್ತಿತ್ತು, ಮಗಳನ್ನು ಗಂಡಿನ ಕಡೆಯವರಿಗೆ ತೋರಿಸಲು ಬಂದವನ ಹಾಗೆ.

ಆಮೇಲೆ ಶುರು. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು, ಕಿರುಬೆರಳು ತೂರಿಸಿ ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ಪೂರ್ತಿ ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಒಳಗಿನ ಸುರುಳಿ ಗೀರುಗಳು ಚೂಪಾಗಿವೆಯೋ, ತುಕ್ಕು ತಿಂದು ಮೊಂಡಾಗಿವೆಯೋ ಅದರಲ್ಲೇ ಗೊತ್ತಾಗುತ್ತಿತ್ತು. ನಳಿಗೆಯ ತುದಿಯ ಬಾಯಿಗೆ ಹತ್ತಿಯ ಕಡ್ಡಿ ತಿರುಗಿಸುತ್ತಿದ್ದ. ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಪೆಟ್ಟು ಬಿದ್ದಿದೆ, ಗುಂಡು ದಾರಿ ತಪ್ಪುತ್ತದೆ ಎಂದರ್ಥ. ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಐದು ಡಾಲರಿನ ನೋಟು ತೂರಿಸಿ ಎಳೆಯುತ್ತಿದ್ದ. ಈ ಕರಾವಳಿಯಲ್ಲಿ ಮಳೆಗೆ ಮರ ಉಬ್ಬುತ್ತದೆ, ಉಬ್ಬಿದ ಮರ ನಳಿಗೆಯನ್ನು ಒತ್ತಿದರೆ ಬೆಳಿಗ್ಗೆ ಹೊಡೆದ ಜಾಗಕ್ಕೆ ಸಂಜೆ ಗುಂಡು ಬೀಳುವುದಿಲ್ಲ. ಕೊನೆಗೆ ತಿರುಪುಗಳ ತಲೆ. ತಲೆ ಕಿತ್ತುಹೋಗಿದ್ದರೆ, "ಯಾವನೋ ಅಡುಗೆ ಚಾಕು ಹಾಕಿ ಬಿಚ್ಚಿದಾನೆ. ಹೊರಗೇ ಹೀಗಿದ್ರೆ ಒಳಗೆ ಏನು ಮಾಡಿಟ್ಟಿದಾನೋ!" ಎನ್ನುತ್ತಿದ್ದ. ಅಲ್ಲಿಗೆ ವ್ಯಾಪಾರ ಮುಗಿದ ಹಾಗೆ.

ಇದಕ್ಕೆ ಅವನು ಕಾಸು ಮುಟ್ಟುತ್ತಿರಲಿಲ್ಲ. ಆ ಬಂದೂಕಿನಿಂದ ಬಿದ್ದ ಮೊದಲ ಜಿಂಕೆಯ ಈಲಿ ಅವನ ಮನೆಗೆ ಬರಬೇಕು, ಅಷ್ಟೆ. ಬಂದೂಕು ಆರಿಸಿಕೊಟ್ಟವನ ಬಾಣಲೆಗೇ ಮೊದಲ ಈಲಿ ಎಂಬುದು ಆ ಊರಿನ ವಾಡಿಕೆ. ಅದನ್ನು ಈರುಳ್ಳಿ, ಬೆಣ್ಣೆ ಹಾಕಿ ಹುರಿಯುವಾಗ ಲೆಕ್ಸ್ ಬೇಕೆಂದೇ ಕಿಟಕಿ ತೆರೆದಿಡುತ್ತಿದ್ದ. ಮೂವತ್ತು ವರ್ಷ ಆ ವಾಸನೆ ಅವನೊಬ್ಬನ ಮನೆಯಿಂದಲೇ ಬಂತು.

ಹೆಮಿ ತಿರುಗಿ ಬರುವವರೆಗೆ ಮಾತ್ರ.

ಹೆಮಿ, ಲೆಕ್ಸ್ ಇಬ್ಬರೂ ಹರೆಯದಲ್ಲಿ ಕಾಡಿಗೆ ಪಿಡುಗಾಗಿದ್ದ ಜಿಂಕೆಗಳನ್ನು ಸರ್ಕಾರದ ಸಂಬಳಕ್ಕೆ ಕೊಲ್ಲುತ್ತ, ಕಾಡಿನ ಒಂದೇ ಗುಡಿಸಲಿನಲ್ಲಿ ಎರಡು ಚಳಿಗಾಲ ಕಳೆದವರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಹೆಮಿಗೆ ಕಲಿಸಿದವನೇ ಲೆಕ್ಸ್. ಆಮೇಲೆ ಹೆಮಿ ಸಮುದ್ರದಾಚೆ ಉತ್ತರ ದ್ವೀಪಕ್ಕೆ ಹೋದ, ಮದುವೆಯಾದ, ಹೆಂಡತಿ ತೀರಿಕೊಂಡ ಮೇಲೆ ವಾಪಸು ಬಂದು ಸೇತುವೆಯ ಆಚೆ ಮನೆ ಮಾಡಿದ. ಲೆಕ್ಸ್ ಪಾತ್ರೆ ತೊಳೆಯುವ ಕಿಟಕಿಯಿಂದ ಆ ಮನೆಯ ಅಂಗಳ ನೆಟ್ಟಗೆ ಕಾಣುತ್ತಿತ್ತು. ಅದೇ ಆದದ್ದು ತೊಂದರೆ.

ಮೊದಮೊದಲು ಒಂದು ಗಾಡಿ ಆ ಅಂಗಳದಲ್ಲಿ ನಿಂತಿತು. ಆಮೇಲೆ ಎರಡು. ಐದನೇ ವರ್ಷಕ್ಕೆ ಲೆಕ್ಸ್‌ನ ಮೇಜಿನ ಕಂಬಳಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಒಂದು ತಟ್ಟೆ ತೊಳೆಯಲು ಅವನಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಕಣ್ಣೆಲ್ಲ ಸೇತುವೆಯ ಆಚೆ.

ಹೆಮಿ ಬಂದೂಕನ್ನು ಆಮೇಲೆ ನೋಡುತ್ತಿದ್ದನಂತೆ, ಮೊದಲು ಮನುಷ್ಯನನ್ನು ನೋಡುತ್ತಿದ್ದನಂತೆ. ಯಾವ ಕಣಿವೆಗೆ ಹೋಗ್ತೀಯ? ಪೊದೆಯೊಳಗೋ, ಬೋಳು ಗುಡ್ಡದಲ್ಲೋ? ಎಷ್ಟು ಹೊರ್ತೀಯ? ತೋಳು ಚಾಚು ನೋಡೋಣ. ಎಲ್ಲಿ, ಕಣ್ಣು ಮುಚ್ಚಿ ಹೆಗಲಿಗೆ ಏರಿಸು, ಈಗ ಕಣ್ಣು ಬಿಡು, ಬಂದೂಕಿನ ಮೇಲಿನ ದುರ್ಬೀನಿನಲ್ಲಿ ಪೂರ್ತಿ ಬೆಳಕು ಕಾಣ್ತಾ? ಜನಕ್ಕೆ ಇದು ಬಲು ಹಿಡಿಸಿತು.

"ದರ್ಜಿ ಅವನು, ದರ್ಜಿ," ಎಂದ ಲೆಕ್ಸ್ ಪಬ್ಬಿನಲ್ಲಿ. "ಬಂದೂಕು ಆರಿಸು ಅಂದ್ರೆ ಅಳತೆ ತಗೋತಾನೆ. ಅವನು ಕೊಡಿಸಿದ್ದರಲ್ಲಿ ಒಂದರ ನಳಿಗೆನೂ ನೆಟ್ಟಗಿರಲ್ಲ."

"ನೋಡದೇನೇ ಹೇಳ್ತೀಯಲ್ಲೋ ಲೆಕ್ಸ್, ಕಣ್ಣೊಳಗೆ ಎಕ್ಸ್‌ರೇ ಇಟ್ಟಿದೀಯಾ?" ಎಂದು ಯಾರೋ ಕೇಳಿದರು. ಪಬ್ಬು ಬಿದ್ದು ಬಿದ್ದು ನಕ್ಕಿತು. ಲೆಕ್ಸ್ ಲೋಟ ಅರ್ಧಕ್ಕೇ ಬಿಟ್ಟು ಎದ್ದುಬಂದ.

ಊರವರೆಲ್ಲ ಹೋಗಲಿ. ಟೆಸ್ಸಾ?

ಟೆಸ್ಸಾ ಅವನ ತಂಗಿಯ ಮಗಳು. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಳು. ಗಿಡ್ಡ ದೇಹ, ಉದ್ದ ನಾಲಿಗೆ. ಲೆಕ್ಸ್‌ಗೆ ಮಕ್ಕಳಿರಲಿಲ್ಲ. ಇವಳು ಮೊದಲ ಬಂದೂಕು ಕೊಳ್ಳುವ ದಿನಕ್ಕೆಂದು ಅವನು ಎಷ್ಟೋ ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದ. ಆ ಮಾರ್ಚಿನಲ್ಲಿ, ಗಂಡು ಜಿಂಕೆಗಳು ಬೆದೆಗೆ ಬಂದು ಕೂಗುವ ಬೇಟೆಯ ಕಾಲಕ್ಕೆ ಇನ್ನು ಒಂದೇ ವಾರ ಇರುವಾಗ, ಅವಳ ಗಾಡಿ ಸೇತುವೆ ದಾಟಿ ಹೆಮಿಯ ಅಂಗಳದಲ್ಲಿ ನಿಂತಿತು. ಲೆಕ್ಸ್‌ನ ಕೈಯಲ್ಲಿದ್ದ ಬಟ್ಟಲು ತೊಟ್ಟಿಗೆ ಬಿದ್ದು ಹಿಡಿ ಮುರಿಯಿತು.

ಅವಳಿಗೆ ಫೋನ್ ಮಾಡಿದ. "ಹೆಮಿ ಆರಿಸಿದ್ದಾ? ನಳಿಗೆ ಸವೆದು ಹೋಗಿರತ್ತೆ. ಮರಕ್ಕೆ ಹುಳ ಬಿದ್ದಿರತ್ತೆ. ವಾಪಸ್ ಕೊಡು."

"ಮಾವ, ನೀನಿನ್ನೂ ಅದನ್ನ ನೋಡೇ ಇಲ್ಲ! ಅದಕ್ಕೆ ಮರಾನೇ ಇಲ್ಲ, ಪ್ಲಾಸ್ಟಿಕ್ಕು. ಹೆಮಿ ಮಾವ ಹೇಳಿದ್ರು, ನನ್ನ ತೋಳಿಗೆ ಇದೇ ಸರಿ ಅಂತ."

ಹೆಮಿ ಮಾವ! ಲೆಕ್ಸ್ ಫೋನ್ ಇಟ್ಟವನು ಆ ಹೊತ್ತು ಊಟ ಮಾಡಲಿಲ್ಲ.

ಮೂರು ದಿನ ತಡೆದುಕೊಂಡ. ಗುರುವಾರ, ಕೇಕಿನ ಡಬ್ಬಿ ವಾಪಸು ಕೊಡುವ ನೆಪ ಮಾಡಿ ಅವಳ ಮನೆಗೆ ಹೋದ. ಬಂದೂಕು ಮೇಜಿನ ಮೇಲಿತ್ತು. ಗೀಚಿದ, ಬೂದು ಬಣ್ಣದ, ನೋಡಲು ಗುದ್ದಲಿಯಂಥದು. ಆದರೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ನಳಿಗೆಯೊಳಗೆ ಕನ್ನಡಿ! ಹತ್ತಿಯ ಕಡ್ಡಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ನೋಟು ಎಲ್ಲೂ ತಡೆಯದೆ ಸರಿದುಹೋಯಿತು. ತಿರುಪುಗಳ ತಲೆ ಹೊಸದರ ಹಾಗೇ ಇತ್ತು. ಟೆಸ್ಸಾ ಅದನ್ನು ಹೆಗಲಿಗೆ ಏರಿಸಿ ತೋರಿಸಿದಳು. ಅವಳ ಜೊತೆಗೇ ಹುಟ್ಟಿದ್ದೇನೋ ಎಂಬಂತೆ ಕೂತಿತು. ತಾನಾಗಿದ್ದರೆ ಇದನ್ನು ಆರಿಸುತ್ತಿರಲಿಲ್ಲ, ವಾಲ್‌ನಟ್ ಮರದ ಉದ್ದನೆಯದೊಂದನ್ನು ಕೊಡಿಸಿರುತ್ತಿದ್ದೆ, ಅದು ಇವಳಿಗೆ ಆಗಿಬರುತ್ತಿರಲಿಲ್ಲ ಎಂಬುದು ಲೆಕ್ಸ್‌ಗೆ ಅಲ್ಲೇ ಹೊಳೆಯಿತು.

ಅವಳು ಚಹಾ ಮಾಡಲು ತಿರುಗಿದಾಗ ಸಿಟ್ಟಿನಲ್ಲಿ ಬೋಲ್ಟನ್ನು ಧಡ್ ಎಂದು ಬಡಿದು ಮುಚ್ಚಿದ.

ಟಕ್.

ತೋಟಾ ಸಿಡಿಸುವ ಒಳಗಿನ ಸೂಜಿ ತಾನೇ ಬಿದ್ದಿತ್ತು. ಅವನ ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ. ಮತ್ತೆ ಬಡಿದ, ಏನೂ ಇಲ್ಲ. ಮತ್ತೆ, ಏನೂ ಇಲ್ಲ. ನಾಲ್ಕನೇ ಸಲ, ಟಕ್. ಯಾರೋ ಟ್ರಿಗರ್ ಹಗುರವಾಗಲೆಂದು ಸೂಜಿಯನ್ನು ಹಿಡಿದಿಡುವ ಕೊಂಡಿಯನ್ನು ಅರದಿಂದ ಉಜ್ಜಿ ಸವೆಸಿದ್ದಾರೆ. ತೋಟಾ ಇದ್ದಿದ್ದರೆ ಗುಂಡು ಎದುರಿನ ಗೋಡೆಯಲ್ಲಿರುತ್ತಿತ್ತು.

ಆ ಗಳಿಗೆಯಲ್ಲಿ ಲೆಕ್ಸ್‌ಗೆ ಆದದ್ದು ಭಯವಲ್ಲ, ಖುಷಿ. ಸಿಕ್ಕಿಬಿದ್ದ ಹೆಮಿ! ಪಬ್ಬಿನಲ್ಲಿ ಇದನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಯೂ ಆಯಿತು. ಆಮೇಲೆ ಚಹಾ ಹಿಡಿದು ತಿರುಗಿದ ಟೆಸ್ಸಾಳ ಮುಖ ಕಂಡಿತು. ಶನಿವಾರ ಅವಳು ಕಣಿವೆಗೆ ಹೋಗುವವಳು. ಜೋಡಿಸಿದ ಮಾತೆಲ್ಲ ಬಿಟ್ಟು ಲೆಕ್ಸ್ ಬಂದೂಕನ್ನು ಮೇಜಿನ ಮೇಲಿಟ್ಟ.

"ಇದನ್ನ ಒಯ್ಯಬೇಡ ಪುಟ್ಟಿ. ಬಡಿದು ಮುಚ್ಚಿದ್ರೆ ತಾನೇ ಹಾರತ್ತೆ."

ಟೆಸ್ಸಾ ಬಂದೂಕು ತೆಗೆದುಕೊಂಡು ಬೋಲ್ಟನ್ನು ಮೂರು ಸಲ ಮುಚ್ಚಿದಳು. ಮೂರು ಸಲವೂ ಸುಮ್ಮನಿತ್ತು ಹಾಳಾದ್ದು.

"ಇನ್ನೂ ಜೋರಾಗಿ!"

"ಮಾವ, ಸಾಕು." ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಜಾರಿತ್ತು. "ಮೊದಲು ನಳಿಗೆ ಸವೆದಿದೆ ಅಂದೆ. ಆಮೇಲೆ ಇಲ್ಲದ ಮರಕ್ಕೆ ಹುಳ ಬೀಳಿಸಿದೆ. ಈಗ ಇದು. ಹೆಮಿ ಮಾವನ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಬಂದೂಕು ಯಾಕೆ ಸುಡ್ತೀಯ?"

ಐದು ವರ್ಷ ಸುಳ್ಳು ಕೊಂಕು ತೆಗೆದು ತೆಗೆದು, ನಿಜವಾದ ಕೊಂಕು ಸಿಕ್ಕ ದಿನ ಲೆಕ್ಸ್‌ನ ಮಾತಿಗೆ ಬೆಲೆಯೇ ಉಳಿದಿರಲಿಲ್ಲ. ಈ ಊರಿನಲ್ಲಿ ಅವಳು ಕೇಳುವುದು ಒಬ್ಬನ ಮಾತು ಮಾತ್ರ.

ಸೇತುವೆ ಅಷ್ಟು ಉದ್ದವಿದೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಹೆಮಿ ಅಂಗಳದಲ್ಲಿ ಮೀನಿನ ಬಲೆ ಹೊಲಿಯುತ್ತ ಕೂತಿದ್ದ.

"ಓಹೋ, ದಾರಿ ತಪ್ಪಿತೇನೋ ಮುದುಕ?"

"ಟೆಸ್ಸಾ ಬಂದೂಕು ನೋಡುವಾಗ ಬೋಲ್ಟ್ ಹೇಗೆ ಮುಚ್ಚಿದೆ?"

"ಹೇಗೆ ಅಂದ್ರೆ? ಮೆಲ್ಲಗೆ. ಇನ್ನೊಬ್ಬರ ವಸ್ತು, ಬಡಿಯೋಕೆ ಮನಸ್ಸು ಬರಲಿಲ್ಲ."

"ಎದುರಿಗೆ ಜಿಂಕೆ ನಿಂತಿರುವಾಗ ಯಾವನು ಮೆಲ್ಲಗೆ ಮುಚ್ತಾನೋ ದರ್ಜಿ? ನಾಲ್ಕು ಸಲ ಬಡಿದೆ, ಎರಡು ಸಲ ತಾನೇ ಬಿತ್ತು."

ಹೆಮಿಯ ಕೈಯಿಂದ ಬಲೆಯ ಸೂಜಿ ಜಾರಿತು. ಲೆಕ್ಸ್ ಸುಳ್ಳು ಹೇಳುತ್ತಿದ್ದಾನೇನೋ ಎಂದು ಅನುಮಾನಿಸಲೂ ಇಲ್ಲ. ಅದೂ ಲೆಕ್ಸ್‌ಗೆ ಚುಚ್ಚಿತು.

"ನಡಿ, ಇಬ್ಬರೂ ಹೋಗಿ ಹೇಳೋಣ. ನೀನು ಕಂಡುಹಿಡಿದೆ ಅಂತ ನಾನೇ ಹೇಳ್ತೀನಿ," ಎಂದ ಹೆಮಿ.

"ಬೇಡ. ನಾನು ಅಂದ್ರೆ ಅವಳು ಕಿವಿ ಮುಚ್ಕೋತಾಳೆ, ನಾನೇ ನಿನಗೆ ಗಿಣಿಪಾಠ ಮಾಡಿಸಿದೀನಿ ಅಂತಾಳೆ. ನಿನಗೇ ಅನುಮಾನ ಬಂತು ಅನ್ನು. ನಿನಗೇ ಹೊಳೀತು ಅನ್ನು." ಒಂದೊಂದು ಮಾತನ್ನೂ ಹಲ್ಲು ಕಿತ್ತ ಹಾಗೆ ಕಿತ್ತು ಕೊಟ್ಟ. "ಕೈ ಸೋಲೋವರೆಗೆ ಬಡಿ. ಬಿದ್ದೇ ಬೀಳತ್ತೆ."

"ಈಲಿ ನನ್ನ ಪಾಲಿಗೆ ಬರತ್ತಲ್ಲೋ."

"ತಿಂದು ಸಾಯಿ," ಎಂದು ಲೆಕ್ಸ್ ತಿರುಗಿ ನಡೆದ.

ಶುಕ್ರವಾರ ಮಧ್ಯಾಹ್ನ ಟೆಸ್ಸಾಳೇ ಬಾಗಿಲಿಗೆ ಬಂದಳು. "ಮಾವ, ನೀನು ಹೇಳಿದ್ದು ನಿಜ ಇತ್ತು! ಹೆಮಿ ಮಾವ ತಾವಾಗೇ ಬಂದು ಬೋಲ್ಟ್ ಬಡಿದು ನೋಡಿದ್ರು, ಹನ್ನೊಂದನೇ ಸಲಕ್ಕೆ ಸೂಜಿ ಬಿತ್ತು. ತಮ್ಮ ಹಳೇ ಬಂದೂಕಿನ ಟ್ರಿಗರ್ ಬಿಚ್ಚಿ ಹಾಕಿಕೊಟ್ರು. ಏನು ಕಣ್ಣು ಅವರದ್ದು, ಅಲ್ವಾ? ಹೊರಗಿಂದ ಏನೂ ಕಾಣಲ್ಲ, ಆದ್ರೂ ಅನುಮಾನ ಬಂತಂತೆ!"

"ಹೂಂ," ಎಂದ ಲೆಕ್ಸ್. "ಕಣ್ಣು ಚೆನ್ನಾಗಿದೆ."

"ನಿನಗೂ ಹೇಗೋ ಗೊತ್ತಾಗಿತ್ತು ಬಿಡು," ಎಂದಳು ಅವಳು, ಮುದುಕನಿಗೆ ಬೇಸರವಾಗದಿರಲೆಂದು. ಅದನ್ನೂ ನುಂಗಿದ.

ಮುಂದಿನ ಸೋಮವಾರ ಅವಳ ಗಾಡಿ ಕಣಿವೆಯಿಂದ ಬಂತು. ಲೆಕ್ಸ್ ಕಿಟಕಿಯಲ್ಲಿ ಒಂದೇ ತಟ್ಟೆಯನ್ನು ಉಜ್ಜುತ್ತ ನಿಂತಿದ್ದ. ಗಾಡಿ ಅವನ ಮನೆಯ ಮುಂದೆ ನಿಲ್ಲದೆ ಸೇತುವೆ ದಾಟಿತು. ಅವಳು ಒಂದು ಬಟ್ಟೆಯ ಗಂಟು ಹಿಡಿದು ಹೆಮಿಯ ಮನೆಯೊಳಗೆ ಹೋಗಿ ಬರಿಗೈಯಲ್ಲಿ ಹೊರಬಂದಳು. ಬರಿಗೈ ಸರಿ, ಆದರೆ ಎರಡೂ ಕೈ ನೆಟ್ಟಗಿದ್ದವು, ಕಾಲೂ ನೆಟ್ಟಗಿದ್ದವು. ಲೆಕ್ಸ್ ಅದನ್ನು ಕಣ್ಣು ಕಿರಿದು ಮಾಡಿ ಎರಡೆರಡು ಸಲ ನೋಡಿಕೊಂಡ.

ಸ್ವಲ್ಪ ಹೊತ್ತಿಗೆ ನದಿಯ ಗಾಳಿಯಲ್ಲಿ ಈರುಳ್ಳಿ, ಬೆಣ್ಣೆಯ ವಾಸನೆ ಬಂತು. ಹೆಮಿಯೂ ಕಿಟಕಿ ತೆರೆದಿದ್ದ. ಲೆಕ್ಸ್ ತನ್ನ ಕಿಟಕಿ ಮುಚ್ಚಿದ. ಸಂದಿಯಿಂದಲೂ ಬಂತು.

ಅಂಗಳದಿಂದ ಹೆಮಿ ಕೂಗಿದ, "ಲೆಕ್ಸ್! ಬಾರೋ! ಒಬ್ಬನಿಗೆ ಜಾಸ್ತಿಯಾಗತ್ತೆ!"

"ನನಗೆ ಹೊಟ್ಟೆ ಸರಿಯಿಲ್ಲ!"

"ನಿನ್ನ ಹೊಟ್ಟೆ ಸರಿಯಿಲ್ಲ ಅಂತ ಊರಿಗೇ ಗೊತ್ತು. ಬಾ!"

ಲೆಕ್ಸ್ ತಟ್ಟೆಯನ್ನು ಒರೆಸಿದ, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೇತುವೆ ದಾಟಿದ. ಹೆಮಿಯ ಮೇಜಿನ ಮುಂದೆ ಕೂತು ಮೊದಲ ತುಂಡನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದ.

"ಹೇಗಿದೆ?"

"ಈರುಳ್ಳಿ ಸೀದಿದೆ," ಎಂದು ಲೆಕ್ಸ್ ತಟ್ಟೆಯನ್ನು ಮತ್ತೆ ಮುಂದೆ ಚಾಚಿದ. "ಮೂವತ್ತು ವರ್ಷದಲ್ಲಿ ನಾನು ಒಂದು ಸಲಾನೂ ಸೀಯಿಸಿಲ್ಲ."